ಮೂವತ್ತೆರಡು ಜಿಬಿ

ಉಗುರಿನಷ್ಟು ಕಾರ್ಡು.
ಕರಿಬಸಪ್ಪ ಅಂಗೈಲಿಟ್ಟು ಊದಿದ,
ಮಂಡಕ್ಕಿ ಧೂಳು ಅದನ್ನೂ ಬಿಟ್ಟಿರಲಿಲ್ಲ.
ಪಿ.ಬಿ. ರಸ್ತೆಯ ಅವನ ಅಂಗಡಿಯಲ್ಲಿ
ಹಾರನ್ನು, ಸೀಟ್ ಕವರು, ಪ್ಲಾಸ್ಟಿಕ್ ನಿಂಬೆಹಣ್ಣಿನ ಸರಗಳ ನಡುವೆ
ನಿಂತು ಕೇಳಿದೆ:
ಮಂಗಳವಾರ ಮಧ್ಯಾಹ್ನ ಹಿರಿಯೂರಲ್ಲಿ
ಗಾಡಿಯೊಳಗೆ ಆಡಿದ ಮಾತು
ಇದರಾಗೆ ಐತಾ?

ಎಂಟುನೂರು ರೂಪಾಯಿ.
ನಿನ್ನ ಕೈಗೇ ಕೊಟ್ಟೆನಲ್ಲಣ್ಣ ಅಂತ ಪಾಲಾಕ್ಷ,
ಇಲ್ಲ ಅಂತ ನಾನು.
ಕ್ಯಾಮೆರಾನೇ ಹೇಳಲಿ ಬಿಡು ಅಂದವನೂ ನಾನೇ.
ಅವನು ಹೆಗಲ ಮೇಲಿನ ಟವೆಲ್ಲು ಕೊಡವಿ
ಭಟ್ಟಿ ಮುಂದೆ ಇಳಿದು ಹೋದ.

"ನಿಮ್ಮ ಭಟ್ಟಿ ಲೆಕ್ಕದಾಗೇ ಹೇಳ್ತೀನಿ ಕೇಳು ಜಬೀಉಲ್ಲಾ.
ಕಣ್ಣಿಗೆ ಕಾಣೋದೆಲ್ಲ ಮಂಡಕ್ಕಿ, ಊದಿಕೊಂಡಿರ್ತೈತಿ.
ಇದು ಅದನ್ನ ಒತ್ತಿ ಒತ್ತಿ
ಮತ್ತೆ ಅಕ್ಕಿ ಮಾಡಿ ತುಂಬ್ತೈತಿ.
ಅಷ್ಟಾದ್ರೂ ತಾಸಿಗೆ ಏಳು ಜಿಬಿ ಬೇಕು,
ಮೂವತ್ತೆರಡರಾಗೆ ನಾಲ್ಕೂವರೆ ತಾಸು.
ಚೀಲ ತುಂಬಿತು ಅನ್ನು,
ತಳದ ಮೂರು ನಿಮಿಷ ಚೆಲ್ಲಿ
ಮೇಲೆ ಹೊಸ ಮೂರು ನಿಮಿಷ."

ಬೆರಳು ಮಡಚಿದೆ.
ಹಿರಿಯೂರಿಂದ ಮನೆಗೆ ಎರಡು ತಾಸು,
ಮಾರನೇ ದಿನ ಹರಿಹರಕ್ಕೆ ಹೋಗಿ ಬಂದದ್ದು ಒಂದೂವರೆ.
ಕೂಡಿದರೆ ಮೂರೂವರೆ.
ಇರಬೇಕಲ್ಲ ಮತ್ತೆ!

"ಇರಬೇಕಿತ್ತು. ಇಲ್ನೋಡು, ಬೀಗ.
ಗಾಡಿ ಜಿಗಿದರೆ ಇದಕ್ಕೆ ಆಕ್ಸಿಡೆಂಟು,
ಆ ಮೂರು ನಿಮಿಷಕ್ಕೆ ಬೀಗ ಜಡೀತೈತಿ,
ಬೀಗ ಬಿದ್ದದ್ದು ಅಳಿಯಂಗಿಲ್ಲ.
ನಿನ್ನ ಕಾರ್ಡಿನಾಗೆ ನಲವತ್ತು ಬೀಗ.
ನಲವತ್ತು ಮೂರ್ಲ ನೂರಿಪ್ಪತ್ತು,
ಎರಡು ತಾಸು ಅಲ್ಲೇ ಕೂತೈತಿ.
ಉಳಿದ ಎರಡೂವರೆ ತಾಸಿನಾಗೆ
ಹಿರಿಯೂರು ಎಲ್ಲಿಂದ ಬರ್ಬೇಕು?"

ಒಂದೊಂದೇ ಒತ್ತಿದ.
ಆನಗೋಡು, ಬೆಳಗಿನ ಮಂಜು:
"ನಿಧಾನ, ಹಂಪೈತಿ" — ಪಾಲಾಕ್ಷನ ದನಿ, ಧಡಕ್.
ಭರಮಸಾಗರ, ಬಾಯ್ತುಂಬ ಮೆಣಸಿನಕಾಯಿ:
"ಹಂಪಣ್ಣ, ಹಂ..." ಧಡಕ್.
ದುರ್ಗದ ಹತ್ತಿರ ಫ್ಯಾನುಗಳು ಗುಡ್ಡದ ಮೇಲೆ ಸೋಮಾರಿಯಾಗಿ ತಿರುಗುತ್ತಿವೆ,
ಅರೆನಿದ್ದೆಯಲ್ಲೂ ಅವನು: "ಬ್ರೇಕು."
ಧಡಕ್.
ಐಮಂಗಲ. ಸಿರಿಗೆರೆ ಕ್ರಾಸು. ಮತ್ತೆ ಆನಗೋಡು.
ನಲವತ್ತರಲ್ಲೂ ಹೇಳಿದ್ದಾನೆ.
ನಲವತ್ತರಲ್ಲೂ ನನ್ನ ಕಾಲು ತಡ.

ಒಮ್ಮೆಯಾದರೂ ಕೇಳಿದ್ದರೆ
ಬೀಗವೇ ಬೀಳುತ್ತಿರಲಿಲ್ಲ,
ಜಾಗ ಇರುತ್ತಿತ್ತು,
ಎಂಟುನೂರು ಯಾರದೆಂದು ಕಾರ್ಡೇ ಹೇಳುತ್ತಿತ್ತು.
ಕೇಳಿದ್ದರೆ, ಅವನ ದನಿಯೂ
ಮೂರು ಮೂರು ನಿಮಿಷವಾಗಿ ಚೆಲ್ಲಿಹೋಗಿರುತ್ತಿತ್ತು.

"ಸೆನ್ಸರ್ ಕಮ್ಮಿ ಇಡು. ತಿಂಗಳಿಗೊಮ್ಮೆ ಫಾರ್ಮ್ಯಾಟ್ ಹೊಡಿ.
ಈಗ ಹೊಡೀಲಾ?"
ಕರಿಬಸಪ್ಪನ ಹೆಬ್ಬೆರಳು ಗುಂಡಿಯ ಮೇಲಿತ್ತು.
ಬ್ಯಾಡ ಅಂದೆ.
ಅರವತ್ತನಾಲ್ಕರ ಹೊಸದು ಕೊಂಡೆ. ಒಂಬತ್ತು ತಾಸು ಹಿಡಿಯುತ್ತದಂತೆ.
ಹಳೆಯದು ಫೋನಿನ ಕವರಿನ ಹಿಂದೆ,
ಮಗಳ ಪಾಸ್‌ಪೋರ್ಟ್ ಫೋಟೊ ಜೊತೆ ಐತಿ.

ಇವತ್ತು ಆನಗೋಡಿನಲ್ಲಿ
ಮಾತಿಗೆ ಕಾದೆನೋ ಏನೋ,
ಬ್ರೇಕಿನ ಮೇಲೆ ಕಾಲು ಹೋಗುವುದರೊಳಗೆ ಗಾಡಿ ಜಿಗಿಯಿತು.
ಗಾಜಿನ ಮೇಲೆ ಕೆಂಪು ಚುಕ್ಕಿ ಮಿಣುಕಿತು.
ಹೊಸ ಕಾರ್ಡಿನ ಮೊದಲ ಬೀಗ:
ಮೂರು ನಿಮಿಷ,
ಹಿಂದೆ ಚೀಲಗಳ ಸರಸರ,
ಪಕ್ಕದ ಸೀಟಿನಲ್ಲಿ
ಒಂದು ನೀರಿನ ಬಾಟಲಿ ಉರುಳಿದ ಸದ್ದು.