ಮಲಗಿ ಬರುವ ಮರ

ಪರಿವೀಕ್ಷಣೆಯ ನಮೂನೆ, ಕಲಂ ನಾಲ್ಕು:
ಮಕ್ಕಳ ಪಾಲ್ಗೊಳ್ಳುವಿಕೆ.
ಹಿಂದಿನ ಬೆಂಚಿನಲ್ಲಿ ಕೋಟೂ ಬಿಚ್ಚದೆ ಕೂತು
ನಾನು ಬರೆದೆ: ಇಲ್ಲ.

ಡೆಲ್ಫೀನ್ ನೆಬ್ರಾಸ್ಕಾದ ಹುಡುಗಿ,
ನನ್ನ ಕೈಕೆಳಗೆ ತರಬೇತಿಯ ಎರಡನೇ ತಿಂಗಳು.
ಆರು ಸೀಟಿನ ವಿಮಾನದಲ್ಲಿ ಬಂದಿಳಿದವಳು
ಕುಸ್ಕೊಕ್ವಿಮ್ ಹೊಳೆ ಕಡಲು ಸೇರುವಲ್ಲಿ,
ನೆಲಕ್ಕಿಂತ ನೀರೇ ಹೆಚ್ಚಿರುವ ಊರಿಗೆ.
ಬೋರ್ಡಿನ ಮೇಲೆ ಮರ ಬಿಡಿಸಿದಳು, ಅದಕ್ಕೊಂದು ನೆರಳು,
ಪಕ್ಕದಲ್ಲೊಂದು ಕೋಲು, ಕೋಲಿಗೂ ನೆರಳು.
"ಮರದ ಎತ್ತರ ತೆಗೆಯೋದು ಹೀಗೆ. ಗೊತ್ತಾಯಿತೆ?"

ಹನ್ನೊಂದು ಮಕ್ಕಳು. ಒಬ್ಬರೂ ತುಟಿ ಬಿಚ್ಚಲಿಲ್ಲ.
ಹೀಟರ್ ಮಾತ್ರ ಗೊಣಗಿತು.
ಮತ್ತೆ ಕೇಳಿದಳು, ದನಿ ಏರಿಸಿ, ಕಿವುಡರನ್ನು ಕೇಳುವಂತೆ;
ಅವಳ ಕಿವಿ ಕೆಂಪಾದದ್ದು ಹಿಂದಿನ ಬೆಂಚಿಗೂ ಕಂಡಿತು.

ಸಹಾಯಕಿ ಅಗಾಫಿಯಾ, ಹದಿನೇಳು ವರ್ಷದಿಂದ
ಬಂದುಹೋಗುವ ಮೇಷ್ಟರುಗಳ ಪೆನ್ಸಿಲು ಚೂಪು ಮಾಡಿದವಳು,
ನನ್ನ ಮೊಣಕೈ ತಟ್ಟಿದಳು:
"ಬಾಯಿ ಯಾಕೆ ನೋಡುತ್ತೀ? ಹುಬ್ಬು ನೋಡು."

ನೋಡಿದೆ.
ಹತ್ತು ಜೊತೆ ಹುಬ್ಬು ಮೇಲೆದ್ದು ಇಳಿದವು.
ಹೌದು, ಗೊತ್ತಾಯಿತು, ಆಗಲೇ ಗೊತ್ತಾಯಿತು.
ಇಪ್ಪತ್ತಾರು ವರ್ಷದಲ್ಲಿ ಎಷ್ಟು ಹೌದುಗಳನ್ನು
ಇಲ್ಲವೆಂದು ಬರೆದು ಸಹಿ ಹಾಕಿದೆನೋ.

ಒಬ್ಬನದು ಮಾತ್ರ ಏಳಲಿಲ್ಲ. ನಿಕಿಫರ್.
ಮೂಗು ಸುಕ್ಕಿಸಿದ. ಅದು ಇಲ್ಲ ಎಂದು, ಎಂದಳು ಅಗಾಫಿಯಾ.
ಅವನ ತಕರಾರು ಲೆಕ್ಕದ್ದಲ್ಲ, ಮರದ್ದು:
"ಅದು ಯಾಕೆ ನಿಂತಿದೆ?"

ಕಿಟಕಿಯಾಚೆ ಕಣ್ಣು ಸೋಲುವವರೆಗೆ ಪಾಚಿ, ಕೆರೆ, ಹೊಸ ಹಿಮ;
ಮೊಣಕಾಲು ಮೀರಿದ ಗಿಡ ಒಂದಿಲ್ಲ.
ಇಲ್ಲಿ ಮರ ಮಲಗಿಕೊಂಡೇ ಬರುತ್ತದೆ,
ಮೇಲೆಲ್ಲೋ ಬುಡ ಕೊರೆಸಿಕೊಂಡು,
ಮೇ ತಿಂಗಳ ಮಂಜುಗಡ್ಡೆ ಒಡೆದ ಹೊಳೆಯಲ್ಲಿ, ತೊಗಟೆ ಕಳಚಿ,
ಮೊದಲು ಕೊಕ್ಕೆ ಹಾಕಿದವರ ಮನೆಗೆ.
ಮರಕ್ಕೆ ಎತ್ತರ ಎಲ್ಲಿಯದು? ಉದ್ದ ಉಂಟು.

ಸಂಜೆ ಮಾತ್ರೋನಾ ಅಜ್ಜಿಯ ದಂಡೆ.
ಮೀನು ಒಣಹಾಕುವ ಅಟ್ಟಣೆಗೆ ದಿಮ್ಮಿ ಅಳೆಯಬೇಕು.
ಡೆಲ್ಫೀನ್ ಕಿಸೆಯಿಂದ ಉಕ್ಕಿನ ಟೇಪು ತೆಗೆದಳು.
ಅಜ್ಜಿ ತಿರುವಿ ನೋಡಿ, ಚೆನ್ನಾಗಿದೆ ಎಂದು ವಾಪಸು ಕೊಟ್ಟು,
ಎರಡೂ ತೋಳು ಚಾಚಿ, ದಿಮ್ಮಿಯನ್ನು ತಬ್ಬಿದಂತೆ ಸಾಗಿದಳು:
ಒಂದು ಮಾರು, ಎರಡು ಮಾರು, ಮೇಲೊಂದು ಗೇಣು.

"ನಿಮ್ಮ ಮಾರು ನನ್ನ ಮಾರು ಒಂದೇ ಅಲ್ಲವಲ್ಲ,
ಅಳತೆ ಎಂದರೆ ಎಲ್ಲರಿಗೂ ಒಂದೇ ಇರಬೇಕು."
ನಾನೇ ಕಲಿಸಿದ ವಾಕ್ಯ. ಬೂಟಿನ ಕೆಸರು ನೋಡುತ್ತ ನಿಂತೆ.
ಅಜ್ಜಿ ಕೇಳಿದಳು: "ಅಟ್ಟಣೆ ಯಾರದು?
ಮೀನು ನೇತುಹಾಕುವ ಕೈ ಯಾರದು?
ನಿನ್ನ ಟೇಪಿಗೆ ನನ್ನ ಭುಜದ ನೋವು ಗೊತ್ತೆ?"

ಆಮೇಲೆ ಎಣಿಕೆ. ಕೈಬೆರಳು ಮುಗಿದರೆ ಕಾಲ್ಬೆರಳು;
ಇಪ್ಪತ್ತಕ್ಕೆ ಅವರ ಮಾತಿನಲ್ಲಿ ಯುಯಿನಕ್,
ಅಂದರೆ ಒಬ್ಬ ಮನುಷ್ಯ, ಪೂರಾ.
ಇಪ್ಪತ್ತೈದು ಮೀನೆಂದರೆ
ಪೂರಾ ಒಬ್ಬ, ಇನ್ನೊಬ್ಬನ ಒಂದು ಕೈ.
ಡೆಲ್ಫೀನ್ ಬೂಟಿನೊಳಗೆ ಬೆರಳು ಮಡಚಿ ಎಣಿಸುತ್ತಿದ್ದಳು,
ಯಾರಿಗೂ ಕಾಣದ ಹಾಗೆ.

ಮರುದಿನದ ಪಾಠ ಚೆನ್ನಾಯಿತೆಂದು ಬರೆಯಲಾರೆ.
ದಿಮ್ಮಿಯ ಮೇಲೇ ಇಬ್ಬರು ಹೊಡೆದಾಡಿಕೊಂಡರು,
ಅನುಪಾತ ಎಂಬ ಪದ ಹೊಳೆಗೆ ಬಿತ್ತು.
ಆದರೆ ಓಲಿಂಕಾ, ಎಲ್ಲರಿಗಿಂತ ಗಿಡ್ಡಿ,
"ನನ್ನ ಏಳು ಮಾರು, ಟೀಚರ್‌ದು ಐದು" ಎಂದು
ಹಿಮದ ಮೇಲೆ ಹಿಮ್ಮಡಿಯಿಂದ ಗೀಚಿ,
"ಹದಿನಾಲ್ಕಕ್ಕೆ ಹತ್ತು ತಾನೇ?" ಎಂದಳು.
ಡೆಲ್ಫೀನ್ ಬಾಯಿ ತೆರೆದಳು, ಮುಚ್ಚಿದಳು,
ಹುಬ್ಬೇರಿಸಿದಳು.

ಏಪ್ರಿಲ್‌ನಲ್ಲಿ ಪರೀಕ್ಷೆ ವಿಮಾನದಲ್ಲಿ ಬಂತು, ಮೊಹರು ಒತ್ತಿದ ಪೆಟ್ಟಿಗೆ.
ಹದಿನಾಲ್ಕನೇ ಪ್ರಶ್ನೆ: ಒಂದು ಮರ, ಅದರ ನೆರಳು.
ನಿಕಿಫರ್ ಅಂಚಿನಲ್ಲಿ ಅದನ್ನು ಮಲಗಿಸಿ ಬರೆದ,
ಅಡಿಯಲ್ಲಿ ಹೊಳೆ, ಹೊಳೆಯಲ್ಲಿ ಕೊಕ್ಕೆ ಹಿಡಿದ ದೋಣಿ.
ಉತ್ತರದ ಸುತ್ತನ್ನೂ ತುಂಬಿದ. ಸರಿಯುತ್ತರ.
ಯಂತ್ರ ಸುತ್ತನ್ನಷ್ಟೇ ಓದುತ್ತದೆ.

ನನ್ನ ನಮೂನೆ ಇನ್ನೂ ಮೇಜಿನ ಮೇಲಿದೆ, ಕಲಂ ನಾಲ್ಕಕ್ಕೆ ಕಾಟು ಹಾಕಿ.
ಆಗಸ್ಟಿಗೆ ಹೊಸ ತಂಡ ಬರುತ್ತದೆ, ಹದಿನೆಂಟು ಮಂದಿ ಶಿಕ್ಷಕರು;
ಮಾತ್ರೋನಾ ಅಜ್ಜಿಯ ಲೆಕ್ಕದಲ್ಲಿ
ಪೂರಾ ಒಬ್ಬ ಮನುಷ್ಯನಾಗಲು
ಇನ್ನೂ ಎರಡು ಬೆರಳು ಕಡಿಮೆ.