ತೊಲಿಗೆ ಒಂದೂವರಿ ಗುಂಜಿ ಕಮ್ಮಿ

ತೊಗರಿಕಾಳಿನಿಂದ ಸುರುವಾಗಿತ್ತು ನಮ್ಮ ಆಟ.
ಕೆಂಪು ತೊಗರಿ ಒಂದು, ಬಿಳಿ ತೊಗರಿ ಹತ್ತು.
ಮೂರನೇ ವಾರಕ್ಕೆ ಗೌಸ್‌ಮೋದಿನನ ಬಂಡವಾಳಕ್ಕೆ ನುಸಿ ಹತ್ತಿತು.
"ಗೆದ್ದಿದ್ದನ್ನ ಹುಳಾ ತಿಂದ್ರ ಹ್ಯಾಂಗ್ರಿ ಆಡೋದು?"

ಆಮೇಲೆ ಬೆಂಕಿಕಡ್ಡಿ. ಸ್ಯಾಮ್ಯುವೆಲ್ಲನ ಐವತ್ತು ರೂಪಾಯಿ
ಮಾತಿನ ಭರದಲ್ಲಿ ಬೀಡಿಗೆ ಹೊತ್ತಿ ಹೋಯಿತು.
ಆಮೇಲೆ ಅಂಗಿಯ ಗುಂಡಿ. ಮೈಮೇಲಿನದೊಂದು ಕಿತ್ತರೆ
ಸಾಲ ತೀರುತ್ತದೆಂದು ಎಲ್ಲರಿಗೂ ತಿಳಿದ ದಿನ
ಅದನ್ನೂ ಬಿಟ್ಟೆವು.

ರೊಕ್ಕ ಮಾತ್ರ ಜಮಖಾನದ ಮೇಲೆ ಬರಕೂಡದು.
ಕಟ್ಟಳೆ ಅದು. ಯಾಕೆಂದು ಯಾರೂ ಕೇಳುವುದಿಲ್ಲ,
ಮೌನೇಶ ಪತ್ತಾರ ಕೂತಲ್ಲಿ.

"ಖರೇ ಚಿಪ್ಸೇ ತರಸೋಣು" ಅಂದವ ಭೀಮಾಶಂಕರ.
ಆರಿಸುವ ಕೆಲಸ ನನ್ನ ಪಾಲಿಗೆ,
ಲೋಕೋಪಯೋಗಿ ಕಚೇರಿಯಲ್ಲಿ ಟೆಂಡರು ಬಿಚ್ಚಿದ ಕೈಯಲ್ಲವೆ.
ಎರಡು ವಾರ ನಿದ್ದೆ ಇಲ್ಲ.
ಮುನ್ನೂರು ಸಾಕೋ, ಐನೂರು ಬೇಕೋ?
ಐವರಿಗೆ ತಲಾ ಅರವತ್ತು, ಲೆಕ್ಕ ಸರಿ.
ಸೋತವ ಮತ್ತೆ ಕೇಳಿದರೆ? ಕೇಳದ ಸೋತವನುಂಟೆ?
ಬಣ್ಣ ಎಷ್ಟು? ಯಾದಗಿರಿಯ ಬೇಸಿಗೆ ಸಂಜೆ
ವೋಲ್ಟೇಜು ಇಳಿದಾಗ ನೀಲಿಯೂ ಹಸಿರೂ ಒಂದೇ ಕುಲ.
ಐದು ಸಾವಿರವೆಂದು ಅಚ್ಚಾದ ಬಿಲ್ಲೆಗೆ
ನಾವು ಐದು ರೂಪಾಯಿ ಮರ್ಯಾದೆ ಕೊಟ್ಟರೆ
ಅದರ ಮನಸ್ಸಿಗೆ ಹೇಗಾಗಬೇಡ.

ಹೈದರಾಬಾದಿನಿಂದ ನಾಲ್ಕು ಮಾದರಿ ಬಂದವು, ಬಸ್ಸಿನ ಪಾರ್ಸಲ್ಲಿನಲ್ಲಿ.
ಶನಿವಾರ, ಮೌನೇಶನ ಮನೆ.
ಶಹಾಬಾದ ಫರಸಿಯ ಮೇಲೆ ಒಂದೊಂದೇ ಬಿಟ್ಟು ಕೇಳಿದೆವು.
ಮೊದಲನೆಯದು ಸೋಡಾ ಬಾಟಲಿಯ ಬಿರಡೆಯಂತೆ ಬಿದ್ದು
ಉರುಳಿ ಕಪಾಟಿನಡಿ ಹೋಯಿತು. ಯಾರೂ ಹುಡುಕಲಿಲ್ಲ.
ಎರಡನೆಯದು ಮಣ್ಣಿನದಂತೆ. ಸ್ಯಾಮ್ಯುವೆಲ್ ಹಲ್ಲಿಗೆ ತಾಗಿಸಿ
"ಬಳಪದ ರುಚಿ ಅದ" ಎಂದ.
ಮೂರನೆಯದು ನುಣುಪು. ಡಿಪೋದಿಂದ ನೇರ ಬಂದ
ಗೌಸ್‌ಮೋದಿನನ ಗ್ರೀಸು ಬೆರಳಲ್ಲಿ ನಿಲ್ಲಲೇ ಇಲ್ಲ.
ನಾಲ್ಕನೆಯದು
ಟಕ್ ಎಂದಿತು. ಅಷ್ಟೇ.
ಒಂದು ಮಾತಾಡಿ ಬಾಯಿ ಮುಚ್ಚಿಕೊಂಡಿತು.

"ಹನ್ನೊಂದೂವರಿ ಗ್ರಾಂ" ಎಂದು ಚೀಟಿ ಓದಿದೆ.
ಮೌನೇಶ ಚೀಟಿ ನಂಬುವವನಲ್ಲ.
ಅಪ್ಪನ ಕಾಲದ ತಕ್ಕಡಿ ತಂದ, ಗುಲಗಂಜಿಯ ಡಬ್ಬಿ ತಂದ.
ಫ್ಯಾನು ಆರಿಸಿದೆವು.
ಈ ತಟ್ಟೆಗೆ ಹಿತ್ತಾಳೆಯ ತೊಲಿ, ಆ ತಟ್ಟೆಗೆ ಬಿಲ್ಲೆ.
ಬಿಲ್ಲೆ ಒಂದು ಕೂದಲೆಳೆ ಮೇಲೆ ನಿಂತಿತು.
ಕರಿಮೂತಿಯ ಕೆಂಪು ಕಾಳೊಂದು ಇಟ್ಟ.
ಇನ್ನೊಂದು ಇಟ್ಟ, ತೆಗೆದ.
"ತೊಲಿಗೆ ಒಂದೂವರಿ ಗುಂಜಿ ಕಮ್ಮಿ."
ಅರದಿಂದ ಅಂಚು ತಿಕ್ಕಿದ. ಬಣ್ಣದ ಕೆಳಗೆ ಕಬ್ಬಿಣ ಮಿಂಚಿತು.
"ಹಗರ ಇದ್ರ ಯಾರೂ ನಂಬಂಗಿಲ್ಲ, ಹೊಟ್ಟಿಗಿ ತುಂಬ್ಯಾರ."

ನಾವು ನಗುವಾಗಲೇ ಜಗದೇವಿ ಚಹಾ ತಂದಳು.
ತಟ್ಟೆಯಿಂದ ಬಿಲ್ಲೆ ಎತ್ತಿಕೊಂಡಳು, ಮುಷ್ಟಿ ಮುಚ್ಚಿದಳು,
ಮಗುವಿನ ತೂಕ ನೋಡುವ ಹಾಗೆ ಕೈ ಮೇಲೆ ಕೆಳಗೆ ಆಡಿಸಿದಳು.
"ಇಷ್ಟೇ ವಜ್ಜಿ ಇತ್ತು
ನನ್ನ ಬೋರಮಾಳ."
ಯಾರಿಗೂ ಹೇಳಿದ್ದಲ್ಲ.
ಮೌನೇಶ ಗುಂಜಿ ಎಣಿಸುತ್ತಿದ್ದ, ಎಣಿಸಿದ್ದನ್ನೇ ಮತ್ತೆ.
ಅವಳು ಡಬ್ಬಿಗೆ ಕೈಹಾಕಿ ಎರಡು ಕಾಳು ಆರಿಸಿ
ಬಿಲ್ಲೆಯ ಜೊತೆ ಸೆರಗಿನ ತುದಿಗೆ ಗಂಟು ಹಾಕಿದಳು.
"ಅರ್ಧಾ ಗುಂಜಿ ಬಡ್ಡಿ" ಎಂದಳು.
ಚಹಾ ಆರಿತು.

ತರಿಸಿದ್ದು ಮೂರನೆಯದನ್ನು, ಹತ್ತು ಗ್ರಾಮಿನದು, ಜಾರುವುದು.
ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ
ಬಣ್ಣ ಚೊಲೊ ಅದ ಅಂತಿದ್ದೆ.
ಗೌಸ್‌ಮೋದಿನ ಈಗ ಬೂದಿ ಹಚ್ಚಿ ಕೈ ತೊಳೆದು ಬರುತ್ತಾನೆ.
ಆರನೆಯ ಕೈ ಜಗದೇವಿಯದು.
ಏನೂ ಇಲ್ಲದ ಎಲೆ ಹಿಡಿದು, ಮುಖದ ಒಂದು ಗೆರೆ ಅಲುಗದೆ,
ಇದ್ದದ್ದೆಲ್ಲ ನಡುವೆ ನೂಕುತ್ತಾಳೆ.
ನಾವು ಎಲೆ ಕೆಳಗಿಡುತ್ತೇವೆ. ಮೌನೇಶ ಎಲ್ಲರಿಗಿಂತ ಮೊದಲು.

ಮುನ್ನೂರು ಸಾಲುತ್ತಿಲ್ಲ.
ಐನೂರೇ ತರಿಸಬೇಕಿತ್ತು.