ಒಂದು ಕಮ್ಮಿ

ಬೀದರಿನ ನೋಂದಣಿ ಕಚೇರಿಯ ಗೇಟಿನ ಬದಿಗೆ
ಇಪ್ಪತ್ತೆರಡು ವರ್ಷ ಛಾಪಾ ಕಾಗದ ಮಾರಿದವಳು ನಾನು.
ನೂರೆಂದು ಅಚ್ಚಾಗಿದ್ದರೆ ನೂರು,
ಹರಿದರೆ ಸೊನ್ನೆ.
ಆ ಲೆಕ್ಕ ಸಾಕಾಗಿ
ಬೆಳ್ಳಿ ನಾಣ್ಯದ ಹುಚ್ಚಿಗೆ ಬಿದ್ದೆ.

ಹಳೆಯವಲ್ಲ.
ನಿಜಾಮನ ಕಾಲದ್ದು ಬೇಕೇನ್ರಿ ಅಂತ
ಚೌಬಾರಾದ ಹತ್ತಿರ ಕೈಚೀಲ ಬಿಚ್ಚಿದವರನ್ನೆಲ್ಲ
ಬರಿಗೈಲಿ ಕಳಿಸಿದ್ದೇನೆ.
ನನಗೆ ಬೇಕಾದದ್ದು ಮೊನ್ನೆ ಮೊನ್ನೆಯ ನಾಣ್ಯ,
ಯಾವ ಸಂತೆಯನ್ನೂ ಕಾಣದ್ದು,
ಯಾವ ಸೊಂಟದ ಗಂಟಿನ ಬೆವರೂ ತಾಗದ್ದು,
ಟಂಕಸಾಲೆಯಿಂದ ನೇರ ಪ್ಲಾಸ್ಟಿಕ್ ಡಬ್ಬಿಗೆ ಬಿದ್ದದ್ದು.
ವರ್ಷಕ್ಕೊಂದು ಭಂಗಿ ಬದಲಿಸುವ ಚೀನಾದ ಪಾಂಡಾ,
ಆಸ್ಟ್ರೇಲಿಯಾದ ನಗುವ ಹಕ್ಕಿ,
ಮೆಕ್ಸಿಕೋದ ರೆಕ್ಕೆಯ ಹೆಂಗಸು.

ಒಂದೊಂದಕ್ಕೂ ಮೂರು ಬೆಲೆ.
ಮುಖದ್ದೊಂದು, ಕೆತ್ತಿದವರೂ ನಂಬದ್ದು.
ಮೈಯದ್ದೊಂದು, ಬೆಳಿಗ್ಗೆ ಮುಂಬಯಿ ಹೇಳುವುದು.
ಕೈಗೆ ಸಿಗದಿರುವುದಕ್ಕೇ ಇನ್ನೊಂದು,
ಅದನ್ನು ಹೇಳುವವರು ಯಾರೆಂದು ನನಗೂ ತಿಳಿಯದು.
ಮೆಕ್ಸಿಕೋದವಳಿಗೆ ಮೊದಲನೆಯದೂ ಇಲ್ಲ.
ಅವಳ ಮೈಮೇಲೆ ರೊಕ್ಕದ ಅಂಕಿಯೇ ಇಲ್ಲ.
ಜೀವಮಾನವೆಲ್ಲ ಅಂಕಿ ಮಾರಿದವಳಿಗೆ
ಅಷ್ಟು ಸಾಕಿತ್ತು.
ಆಬಿಡ್ಸಿನ ವ್ಯಾಪಾರಿಗೆ
ತೂಕದ ನಾಲ್ಕು ಪಟ್ಟು ಎಣಿಸಿ ತಂದೆ.

ಎರಡನೇ ಮಳೆಗಾಲಕ್ಕೆ ಎಡರೆಕ್ಕೆಯ ಮೇಲೆ
ಒಂದು ಬಿಳಿ ಚುಕ್ಕೆ. ಹಾಲುಗಲೆ.
ಒರೆಸಬಾರದು. ಒರೆಸಿದರೆ ಇನ್ನೂ ಇಳಿಯುತ್ತದೆ ಬೆಲೆ.
ಮಗುವಿನ ಮೂಗು ಸೋರುವುದನ್ನು
ಕೈ ಕಟ್ಟಿಕೊಂಡು ನೋಡಿದ ಹಾಗೆ
ನೋಡಿದೆ.

ಆಮೇಲೆ ಬೆಳ್ಳಿ ಏರಿತು.
ಏರಿತು ಅಂದರೆ, ಕಾಲ್ಗೆಜ್ಜೆ ಮಾಡಿಸಲು ಬಂದವರು
ಸರಾಫ್ ಬಜಾರಿನಲ್ಲಿ ನೀರು ಕೇಳಿ ಕುಡಿದು
ಹೊರಟುಬಿಡುವಷ್ಟು.
ಗುಂಡೇರಾವ್ ನನ್ನ ಡಬ್ಬಿ ತೆರೆಯಲೂ ಇಲ್ಲ.
"ಈಗ ಅಪರೂಪ ಗಿಪರೂಪ ಏನಿಲ್ಲ, ಕಸ್ತೂರಬಾಯಿ.
ತೂಕ ಅದ. ತಕ್ಕಡಿ ಮ್ಯಾಲ ಇಡ್ರಿ."
ಪಾಂಡಾ, ಹಕ್ಕಿ, ರೆಕ್ಕೆಯವಳು,
ಎಲ್ಲರಿಗೂ ಒಂದೇ ದರ.
ನಾಲ್ಕು ಪಟ್ಟು ಕೊಟ್ಟದ್ದು
ಸರಿಯಾಗಿ ನಾಲ್ಕು ಪಟ್ಟಿಗೇ ಬಂದು ನಿಂತಿತ್ತು.
ಲಾಭವಲ್ಲ, ನಷ್ಟವೂ ಅಲ್ಲ,
ಒಂಥರಾ ಅವಮಾನ.

ಗಲ್ಲಿಯ ಕೊನೆಗೆ ಇಲ್ಯಾಸ್ ಉಸ್ತಾದರ ಕಾರಖಾನೆ.
ಸುರಾಹಿಯ ಮೈತುಂಬ ಬಳ್ಳಿ ಕೊರೆದು
ಸುಮ್ಮನೆ ಕೂತಿದ್ದರು.
ಹಳೇ ದರಕ್ಕೆ ಒಪ್ಪಿದ ಕೆಲಸ,
ಗೀರು ತುಂಬಲು ತಂತಿಯಿಲ್ಲ.
ಕಲೆಯವಳನ್ನು ಅವರ ಮುಂದಿಟ್ಟೆ.
ಪುಣ್ಯದ ಕೆಲಸವೇನಲ್ಲ,
ಗುಂಡೇರಾವ್ ಹೇಳಿದ ದರವೇ, ಮೂರು ಕಂತು.
ಉಸ್ತಾದರು ಉಗುರಿನಿಂದ ಅಂಚು ಒತ್ತಿ ನೋಡಿದರು.
"ಶುದ್ಧ ಅದ. ಮೆತ್ತಗದ. ತಂತಿ ಚಲೋ ಎಳಿತದ."
ನನ್ನ ನಾಣ್ಯದ ಬಗ್ಗೆ ಯಾರೋ ಆಡಿದ
ಮೊದಲ ಒಳ್ಳೆ ಮಾತು.

ಮೂಸೆಯಲ್ಲಿ ಮೊದಲು ಹೋದದ್ದು ಮುಖ.
ರೆಕ್ಕೆ ಸ್ವಲ್ಪ ಹೊತ್ತು ಹಟ ಹಿಡಿಯಿತು.
ಉಕ್ಕಿನ ಪಟ್ಟಿಯ ತೂತಿನಿಂದ ತೂತಿಗೆ
ಎಳೆದಂತೆಲ್ಲ ಸಣ್ಣಗಾದಳು,
ನನ್ನ ನರೆಗೂದಲಿಗಿಂತ ತುಸು ದಪ್ಪ.
ಕೋಟೆಯ ಮಣ್ಣು, ನವಸಾಗರ ಕುದಿಸಿ ತಿಕ್ಕಿದಾಗ
ಸುರಾಹಿ ಕರ್ರಗಾಯಿತು.
ಬಳ್ಳಿ ಬೆಳ್ಳಗೇ ಉಳಿಯಿತು.
ಹಾಲುಗಲೆ ಯಾವ ಎಲೆಗೆ ಹೋಯಿತೋ
ಹುಡುಕಿದೆ, ಸಿಗಲಿಲ್ಲ.

ಮೂರನೇ ಕಂತಿಗೆ ಬೆಳ್ಳಿ ಧಡಾರನೆ ಬಿತ್ತು.
"ಅವತ್ತಿನ ದರಾನೋ ಇವತ್ತಿಂದೋ?" ಉಸ್ತಾದರು ಕೇಳಿದರು.
ಬರೆದದ್ದೇ ಬೆಲೆ, ಅಂದೆ,
ಹಳೇ ಕಸುಬಿನ ನಾಲಿಗೆ.
ಮನೆಗೆ ಬರುವಾಗ ತುಸು ನಾಚಿಕೆಯಾಯಿತು.

ರಾತ್ರಿ ಪಟ್ಟಿಯ ಪುಸ್ತಕ ತೆರೆದೆ.
ಆ ವರ್ಷ ಎಷ್ಟು ಸಾವಿರ ಅಚ್ಚಾದವೆಂದು
ಅದರಲ್ಲಿ ಖಚಿತವಾಗಿ ಹೇಳಿದೆ.
ಜಗತ್ತು ಅದನ್ನೇ ನಂಬುತ್ತದೆ.
ಹೆಸರು ಗೊತ್ತಿಲ್ಲದ ಊರುಗಳ ಕಪಾಟುಗಳಲ್ಲಿ
ಉಳಿದವಳೊಬ್ಬೊಬ್ಬಳ ಬೆಲೆ
ಕೂದಲೆಳೆಯಷ್ಟು ಏರಿರಬೇಕು.
ಅವರಿಗೆ ತಿಳಿಯದು.
ಅಂಕಿಯ ಪಕ್ಕದಲ್ಲಿ ಶಾಯಿಯಿಂದ ಬರೆದೆ:
ಒಂದು ಕಮ್ಮಿ.
ಕೆಳಗೆ ತಾರೀಖು, ನನ್ನ ರುಜು.
ಸಾಕ್ಷಿಯ ಜಾಗ
ಖಾಲಿ ಬಿಟ್ಟಿದ್ದೇನೆ.